ಅಡ್ಡ ನಡಿಗೆ ನನ್ನ ಕೈಹಿಡಿದ ಬಗೆ

ಒಂಟಿ ಕಾಲಲ್ಲಿ ಏಳೆಂಟು ಸೆಕೆಂಡ್ ನಿಲ್ಲಲು ಒದ್ದಾಡುತ್ತಿದ್ದವರು ಈಗ ಇಪ್ಪತ್ತರ ಮೇಲೆ ಆರಾಮವಾಗಿ ನಿಲ್ಲುತ್ತಿದ್ದಾರೆ. ಸಾಕ್ಸ್ ಹಾಕಿಕೊಳ್ಳಲು ಕುರ್ಚಿ ಹುಡುಕುತ್ತಿದ್ದವರು ನಿಂತಲ್ಲೇ ಹಾಕಿಕೊಳ್ಳುತ್ತಾರೆ. ನನ್ನ ಬೆಳಗಿನ ವ್ಯಾಯಾಮದ ಗುಂಪಿನಲ್ಲಿ ಅರವತ್ತು ದಾಟಿದವರೇ ಹೆಚ್ಚು, ಅವರಿಗೆ ಈ ಬಲ ಬಂದದ್ದು ಅಡ್ಡ ನಡಿಗೆಯಿಂದ, ಅಂದರೆ ಮುಂದಕ್ಕಲ್ಲದೆ ಪಕ್ಕಕ್ಕೆ ಹೆಜ್ಜೆ ಇಡುತ್ತ ನಡೆಯುವುದರಿಂದ. ಎರಡು ವರ್ಷದ ಹಿಂದೆ "ಅಡ್ಡಡ್ಡ ನಡೆಸೋಕೂ ಫೀಸ್ ತಗೋತೀರಾ ಮೇಡಂ?" ಎಂದಿದ್ದ ತರಬೇತುದಾರರು ಈಗ ಬ್ಯಾಂಡ್ (ಎರಡೂ ಕಾಲಿಗೆ ಸೇರಿಸಿ ಹಾಕುವ ಎಳೆತದ ಪಟ್ಟಿ) ಎಲ್ಲಿ ಕಟ್ಟಬೇಕು, ಮಂಡಿ ಎಷ್ಟು ಬಗ್ಗಿಸಬೇಕು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಇದು ನನ್ನ ಮೈಮೇಲೆಯೇ ನಡೆದ ಪ್ರಯೋಗ. ನನ್ನ ಬಲ ಸೊಂಟದ ಪಕ್ಕ, ತೊಡೆಮೂಳೆಯ ಉಬ್ಬು ಕೈಗೆ ಸಿಗುವ ಜಾಗದಲ್ಲಿ, ವರ್ಷಗಟ್ಟಲೆ ನೋವಿತ್ತು. ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಬಲಗಾಲ ಮೇಲೆ ಭಾರ ಬಿದ್ದ ಕೂಡಲೇ ಎಡಬದಿಯ ಸೊಂಟ ತಕ್ಕಡಿಯ ತಟ್ಟೆಯ ಹಾಗೆ ಕೆಳಗಿಳಿಯುತ್ತಿತ್ತು. ಜರ್ಮನಿಯ ಶಸ್ತ್ರಚಿಕಿತ್ಸಕ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ, ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದು ಹೇಳುವ ಚಿಹ್ನೆ ನನ್ನ ಕನ್ನಡಿಯಲ್ಲೇ ಕಾಣುತ್ತಿತ್ತು. ದಿನಕ್ಕೆ ಆರೇಳು ಕಿಲೋಮೀಟರ್ ನಡೆಯುತ್ತಿದ್ದೆ, ಹಾಗಿದ್ದೂ ಇದು. ಮುಂದಕ್ಕೆ ಎಷ್ಟು ನಡೆದರೂ ಪಕ್ಕದ ಸ್ನಾಯುವಿಗೆ ಹೊಸ ಕೆಲಸವೇನೂ ಸಿಗುವುದಿಲ್ಲ. ಅದು ದಿನವೂ ಮಾಡುವಷ್ಟನ್ನೇ ಮಾಡಿಕೊಂಡು, ಸಾಲದೆ ಬಂದಾಗ ಕೈಬಿಡುತ್ತದೆ.

ಹಣ ಎಲ್ಲೆಲ್ಲಿ ಹೋಯಿತು ಎಂದು ಹೇಳಿಬಿಡುತ್ತೇನೆ, ನಿಮ್ಮದಾದರೂ ಉಳಿಯಲಿ. ಮೊದಲು ಪಾದದಡಿಯ ಇನ್‌ಸೋಲ್, ಅದೂ ಅಳತೆ ಕೊಟ್ಟು ಮಾಡಿಸಿದ್ದು. ಆಮೇಲೆ ಸ್ಟೀರಾಯ್ಡ್ ಇಂಜೆಕ್ಷನ್. ಒಂದೂವರೆ ತಿಂಗಳು ಸ್ವರ್ಗ, ನಂತರ ನೋವು ಮತ್ತೆ ಅದೇ ಜಾಗಕ್ಕೆ. ಈ ನೋವಿನವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಳಿವಳಿಕೆ ಮತ್ತು ವ್ಯಾಯಾಮ ಪಡೆದವರು ಎಂಟು ವಾರದ ಹೊತ್ತಿಗೆ ಇಂಜೆಕ್ಷನ್ ಪಡೆದವರಿಗಿಂತ ಮುಂದಿದ್ದರು. ನನ್ನ ಮೈ ಹೇಳಿದ್ದೂ ಅದನ್ನೇ. ಮೂರನೆಯದು ಮತ್ತು ಎಲ್ಲಕ್ಕಿಂತ ದುಬಾರಿಯಾದದ್ದು, ಕೂತು ತೊಡೆ ಅಗಲಿಸುವ ಅಬ್ಡಕ್ಟರ್ ಮೆಷಿನ್. ನನ್ನ ಜಾಗಕ್ಕೇ ತರಿಸಿಕೊಂಡೆ, ಕಂತಿನಲ್ಲಿ. ನಾಲ್ಕೈದು ತಿಂಗಳಲ್ಲಿ ಅದರಲ್ಲಿ ಎತ್ತುವ ತೂಕ ಹೆಚ್ಚುಕಡಿಮೆ ಎರಡರಷ್ಟಾಯಿತು. ಮೆಟ್ಟಿಲ ಮೇಲೆ ಸೊಂಟ ಇಳಿಯುವುದು ಮಾತ್ರ ನಿಲ್ಲಲಿಲ್ಲ. ಕಾರಣ ಸರಳ. ಆ ಮೆಷಿನ್‌ನಲ್ಲಿ ಸೊಂಟ ಬಗ್ಗಿಸಿಕೊಂಡು ಕೂತಿರುತ್ತೇವೆ, ಪಾದಕ್ಕೆ ನೆಲವಿಲ್ಲ, ಬೀಳುವ ಭಯವಿಲ್ಲ. ಕೂತು ಗಳಿಸಿದ ಬಲ ಕೂತಲ್ಲೇ ಉಳಿಯಿತು. ಕೊನೆಗೆ ಮೆಷಿನ್ ಮಾರಿದಾಗ ಕೈಗೆ ಬಂದದ್ದು ಕೊಟ್ಟಿದ್ದರ ಮೂರರಲ್ಲಿ ಒಂದು ಪಾಲೂ ಅಲ್ಲ. ಮಿಕ್ಕ ಹಣದಲ್ಲಿ ಇಡೀ ಗುಂಪಿಗೆ ಎಷ್ಟೋ ವರ್ಷ ಬ್ಯಾಂಡ್ ಕೊಡಿಸಬಹುದಿತ್ತು.

ವಾಬಲ್ ಬೋರ್ಡ್, ಅಂದರೆ ನಿಂತರೆ ಅಲುಗಾಡುವ ಹಲಗೆ, ಅದೂ ಬಂತು. ಹರೆಯದವರಿಗೆ ಒಳ್ಳೆಯದು. ಅದರ ಮೇಲೆ ನಿಂತಾಗ ಕುಣಿಯುವುದು ಹೆಚ್ಚಾಗಿ ಪಾದದ ಗಂಟು, ಸೊಂಟಕ್ಕೆ ಹೆಚ್ಚು ಕೆಲಸ ಬೀಳುವುದಿಲ್ಲ. ವಯಸ್ಸಾದವರಂತೂ ಗೋಡೆ ಬಿಡುವುದೇ ಇಲ್ಲ, ಗೋಡೆ ಹಿಡಿದವರಿಗೆ ಸಮತೋಲನದ ಅಭ್ಯಾಸ ಎಲ್ಲಿ ಆಗಬೇಕು? ಮಗ್ಗುಲಾಗಿ ಮಲಗಿ ಕಾಲೆತ್ತುವುದು, ಕ್ಲಾಮ್‌ಶೆಲ್ (ಹಾಗೇ ಮಲಗಿ, ಮಂಡಿ ಮಡಿಸಿ, ಮೇಲಿನ ಮಂಡಿಯನ್ನು ಮಾತ್ರ ತೆರೆಯುವುದು) ಇವೆರಡೂ ಆರಂಭಕ್ಕೆ ಪರವಾಗಿಲ್ಲ. ಇಂದಿಗೂ ನೋವು ಜಾಸ್ತಿ ಇರುವವರಿಗೆ ಮೊದಲ ಎರಡು ಮೂರು ವಾರ ಅದನ್ನೇ ಕೊಡುತ್ತೇನೆ. ಅಲ್ಲಿಂದ ಮುಂದೆ ನಿಂತು ಮಾಡಲೇಬೇಕು.

ಅಡ್ಡ ನಡಿಗೆ ನಾನು ಕಂಡುಹಿಡಿದದ್ದೇನೂ ಅಲ್ಲ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಹಿರಿಯರಿಗಾಗಿ ರೂಪಿಸಿದ ಕಾರ್ಯಕ್ರಮದಲ್ಲಿ ಇದು ಒಂದು ಸಾಲಾಗಿ ಇದೆ: ಒಂದು ಬದಿಗೆ ಹತ್ತು ಹೆಜ್ಜೆ, ಮತ್ತೆ ಹತ್ತು ವಾಪಸ್ಸು, ಹೀಗೆ ನಾಲ್ಕು ಬಾರಿ. ಆ ಇಡೀ ಕಾರ್ಯಕ್ರಮ ಮಾಡಿದವರಲ್ಲಿ ಬೀಳುವುದು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ನಾವೆಲ್ಲ ಆ ಸಾಲನ್ನು ಓದಿ ಮುಂದಕ್ಕೆ ಹೋಗಿಬಿಡುತ್ತೇವೆ, ಯಾಕೆಂದರೆ ನೋಡಲು ಅದರಲ್ಲಿ ಏನೂ ಇಲ್ಲ. ಅದನ್ನೇ ಮುಖ್ಯ ಪಾಠ ಮಾಡಿ, ಉಳಿದದ್ದನ್ನು ಪಕ್ಕಕ್ಕಿಟ್ಟು ನೋಡೋಣ ಎಂದು ಹೊರಟಾಗಲೇ ಜೊತೆಗಾರರು ತಲೆ ಅಲ್ಲಾಡಿಸಿದ್ದು.

ಶುರುವಿನ ಎರಡು ತಿಂಗಳು ಅವರ ಮಾತೇ ನಿಜ ಅನ್ನಿಸುವ ಹಾಗಿತ್ತು. ಎಲ್ಲರೂ ಮಾಡುವ ರೀತಿಯಲ್ಲೇ ಮಾಡಿದೆ. ಗಟ್ಟಿ ಬ್ಯಾಂಡನ್ನು ಮಂಡಿಯ ಮೇಲೆ ಹಾಕಿಕೊಂಡು, ನೆಟ್ಟಗೆ ನಿಂತು, ಅಗಲ ಹೆಜ್ಜೆ, ಚಕಚಕನೆ. ಉರಿ ಬಂತು, ಆದರೆ ತಪ್ಪು ಜಾಗದಲ್ಲಿ. ಪ್ಯಾಂಟಿನ ಜೇಬು ಇರುವ ಕಡೆ, ತೊಡೆಯ ಮುಂಬದಿಯ ಹೊರಮೈಯಲ್ಲಿ. ಅಂದರೆ ಟೆನ್ಸರ್ ಫೇಶಿಯಾ ಲಾಟಾ ಎಂಬ ಪುಟ್ಟ ಸ್ನಾಯು ಇಡೀ ಕೆಲಸವನ್ನು ಹೆಗಲಿಗೆ ಹಾಕಿಕೊಂಡಿತ್ತು, ನನಗೆ ಬೇಕಾಗಿದ್ದ ಸೊಂಟದ ಪಕ್ಕದ ಸ್ನಾಯು, ಗ್ಲುಟಿಯಸ್ ಮೀಡಿಯಸ್, ಸುಮ್ಮನಿತ್ತು. ಮಾರನೇ ದಿನ ಮಂಡಿಯ ಹೊರಬದಿ ಬಿಗಿಯುತ್ತಿತ್ತು.

ಬದಲಾವಣೆ ಬಂದದ್ದು ಬೆರಳಿಟ್ಟು ನೋಡಿದ ಮೇಲೆ. ಎರಡೂ ಕೈಯ ಬೆರಳುಗಳನ್ನು ಎರಡೂ ಬದಿಯ ಸೊಂಟದ ಮೂಳೆಯ ಅಂಚಿನ ಕೆಳಗೆ, ಸ್ವಲ್ಪ ಹಿಂದಕ್ಕೆ ಒತ್ತಿಕೊಂಡು ನಿಧಾನಕ್ಕೆ ಬಲಕ್ಕೆ ಹೆಜ್ಜೆ ಹಾಕಿ. ಬಲಗಾಲು ಹೋಗುತ್ತಿರುವಾಗ ಕೈಗೆ ಗಟ್ಟಿಯಾಗಿ ತಗಲುವುದು ಎಡಗಡೆಯ ಸ್ನಾಯು! ನಿಂತ ಕಾಲು ಇಡೀ ಮೈಯನ್ನು ಹೊತ್ತು ಪಕ್ಕಕ್ಕೆ ತಳ್ಳುತ್ತದೆ, ಹೋಗುವ ಕಾಲು ಬರೀ ತನ್ನ ತೂಕ ಎತ್ತುತ್ತದೆ. ಇದನ್ನು ಹಿಡಿದು ಹುಡುಕಿದಾಗ 2015ರ ಒಂದು ಅಧ್ಯಯನ ಸಿಕ್ಕಿತು. ಸ್ನಾಯುಗಳ ವಿದ್ಯುತ್ ಸಂಕೇತ ಅಳೆದು ಅವರು ಕಂಡದ್ದೂ ಇದನ್ನೇ: ಹೋಗುವ ಕಾಲಿಗಿಂತ ನಿಂತ ಕಾಲಿನ ಕೆಲಸ ಹೆಚ್ಚು. ಜೊತೆಗೆ, ನೆಟ್ಟಗೆ ನಿಲ್ಲುವ ಬದಲು ಸ್ವಲ್ಪ ಕುಕ್ಕರಿಸಿದ ಭಂಗಿಯಲ್ಲಿ ಮಾಡಿದರೆ ಪೃಷ್ಠದ ಸ್ನಾಯುಗಳ ಕೆಲಸ ಏರುತ್ತದೆ, ಆ ಜೇಬಿನ ಜಾಗದ ಸ್ನಾಯುವಿನ ಕೆಲಸ ಇಳಿಯುತ್ತದೆ.

ಅಲ್ಲಿಂದ ನನ್ನ ವಿಧಾನ ತಲೆಕೆಳಗಾಯಿತು. ಬಲ ಸೊಂಟ ಸೋತವರನ್ನು ಮೊದಲು ಎಡಕ್ಕೆ ನಡೆಸುತ್ತೇನೆ, ಮೈ ಇನ್ನೂ ದಣಿಯದಿರುವಾಗ. ಎಲ್ಲರೂ ಬಲಕ್ಕೆ ಹೋಗುವುದೇ ಬಲಗಾಲಿನ ವ್ಯಾಯಾಮ ಎಂದುಕೊಂಡಿರುತ್ತಾರೆ, ಹೀಗಾಗಿ ಸೋತ ಬದಿಗೆ ಕೊನೆಯ ಸರದಿ ಬರುತ್ತದೆ. ಕೋಚ್‌ಗಳಿಗೂ ಇದು ಹೊಳೆದಿರುವುದಿಲ್ಲ.

ಬ್ಯಾಂಡಿನ ಜಾಗದ ಬಗ್ಗೆ 2012ರಲ್ಲಿ ಒಂದು ಅಧ್ಯಯನ ಬಂದಿದೆ. ಬ್ಯಾಂಡನ್ನು ಮಂಡಿಯಿಂದ ಪಾದದ ಗಂಟಿಗೆ, ಅಲ್ಲಿಂದ ಪಾದದ ಮುಂಭಾಗಕ್ಕೆ ಇಳಿಸುತ್ತ ಹೋದರೆ ಪೃಷ್ಠದ ಸ್ನಾಯುಗಳ ಕೆಲಸ ಹೆಚ್ಚುತ್ತದೆ. ಗಂಟಿನಿಂದ ಪಾದಕ್ಕೆ ಇಳಿಸಿದಾಗ ಜೇಬಿನ ಸ್ನಾಯು ಹೆಚ್ಚೇನೂ ಏರುವುದಿಲ್ಲ. ನನ್ನ ಅನುಭವ ಇದಕ್ಕೆ ಹೊಂದುತ್ತದೆ, ಆದರೆ ಒಂದು ಮಾತು ಸೇರಿಸಬೇಕು. ಪಾದಕ್ಕೆ ಹಾಕಿದ ಬ್ಯಾಂಡ್ ಹೆಬ್ಬೆರಳುಗಳನ್ನು ಒಳಕ್ಕೆ ಎಳೆಯುತ್ತದೆ, ಅದನ್ನು ತಡೆದು ಪಾದ ನೇರ ಇಟ್ಟುಕೊಳ್ಳುವುದೇ ಅಲ್ಲಿನ ಕೆಲಸ. ಎಪ್ಪತ್ತರ ಆಸುಪಾಸಿನವರಿಗೆ ಅದು ಎಡವಲು ದಾರಿ. ಅವರಿಗೆ ಮಂಡಿಯ ಮೇಲೇ ಬ್ಯಾಂಡ್, ಇಲ್ಲವೇ ಬ್ಯಾಂಡೇ ಬೇಡ. ನನ್ನ ಗುಂಪಿನಲ್ಲಿ ಒಳ್ಳೆಯ ಫಲಿತಾಂಶ ಪಡೆದ ಅರ್ಧದಷ್ಟು ಮಂದಿ ಬ್ಯಾಂಡ್ ಮುಟ್ಟಿದ್ದು ಮೂರನೇ ತಿಂಗಳಿನ ನಂತರವೇ.

ಇನ್ನು ಹೆಜ್ಜೆ. ಹೊರಗೆ ಹೋಗುವ ಹೆಜ್ಜೆಯನ್ನು ಎಲ್ಲರೂ ಚೆನ್ನಾಗಿಯೇ ಇಡುತ್ತಾರೆ. ಹಿಂದೆ ಉಳಿದ ಕಾಲನ್ನು ಸೇರಿಸಿಕೊಳ್ಳುವಾಗಲೇ ಮೋಸ ನಡೆಯುವುದು. ಬ್ಯಾಂಡ್ ಎಳೆದದ್ದೇ ಟಪ್ ಎಂದು ಬಿಟ್ಟುಬಿಡುತ್ತಾರೆ. ಆ ಕಾಲನ್ನು ತಡೆದು ತಡೆದು ತರಬೇಕು, ಪಾದ ನೆಲಕ್ಕೆ ಉಜ್ಜಬಾರದು. ಹೊರಹೆಜ್ಜೆಗೆ ಸುಮಾರು ಎರಡು ಸೆಕೆಂಡ್, ಒಳಹೆಜ್ಜೆಗೆ ಮೂರು. ಹೆಜ್ಜೆಯ ಅಗಲ ಭುಜದ ಅಗಲಕ್ಕಿಂತ ಒಂದು ಪಾದ ಹೆಚ್ಚು, ಅದಕ್ಕೂ ಮೀರಿ ಬೇಡ. ಕಾಲು ಪೂರ್ತಿ ಸೇರಿಸಬಾರದು, ನಡುವೆ ಒಂದು ಗೇಣು ಉಳಿಯಲಿ, ಆಗ ಬ್ಯಾಂಡ್ ಸಡಿಲವಾಗದೆ ಸ್ನಾಯು ಕೆಲಸದಲ್ಲೇ ಇರುತ್ತದೆ. ಭುಜ ಪಕ್ಕಕ್ಕೆ ವಾಲಬಾರದು. ವಾಲಿದರೆ ಮೈಭಾರ ಕೀಲಿನ ಮೇಲೆ ಬಂದು ನಿಲ್ಲುತ್ತದೆ, ಸ್ನಾಯು ತಪ್ಪಿಸಿಕೊಳ್ಳುತ್ತದೆ. ತಲೆಯ ಎತ್ತರ ಮೊದಲಿನಿಂದ ಕೊನೆಯವರೆಗೆ ಒಂದೇ ಇರಬೇಕು. ಇದಕ್ಕೆ ನಾನು ಹೇಳಿಕೊಡುವ ಒಂದು ಎಣಿಕೆಯ ಕ್ರಮವಿದೆ. ಹೆದರಿಕೆ ಇರುವವರ ಕಾಲು ಕೂಡ ಅದರ ಲಯಕ್ಕೆ ಬಿದ್ದುಬಿಡುತ್ತದೆ. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ, ಅದು ನನ್ನ ತರಗತಿಯ ಬಂಡವಾಳ.

ಇಷ್ಟು ನಿಧಾನಕ್ಕೆ ನಡೆದರೆ ಏನು ಬೆವರು ಬರುತ್ತೆ ಎಂದವರಿಗೆ ಒಂದು ಮಾತು. ಪಕ್ಕಕ್ಕೆ ನಡೆಯುವುದಕ್ಕೆ ಮುಂದಕ್ಕೆ ನಡೆಯುವುದಕ್ಕಿಂತ ಮೂರು ಪಟ್ಟು ಶಕ್ತಿ ಬೇಕು ಎಂದು 2014ರ ಒಂದು ಅಧ್ಯಯನ ಅಳೆದಿದೆ. ಪ್ರತಿ ಹೆಜ್ಜೆಯಲ್ಲೂ ಮೈಯನ್ನು ಓಡಿಸಬೇಕು, ನಿಲ್ಲಿಸಬೇಕು, ಮತ್ತೆ ಓಡಿಸಬೇಕು. ಮುಂದಿನ ನಡಿಗೆಯಲ್ಲಿ ಒಂದು ಹೆಜ್ಜೆಯ ವೇಗ ಮುಂದಿನ ಹೆಜ್ಜೆಗೆ ಸಿಗುತ್ತದೆ, ಇಲ್ಲಿ ಅದು ಅಲ್ಲಲ್ಲೇ ಖರ್ಚಾಗಿಬಿಡುತ್ತದೆ. ದಿನಾ ಗಂಟೆಗಟ್ಟಲೆ ನಡೆಯುವ ಒಬ್ಬ ಹಿರಿಯರು ನನ್ನಲ್ಲಿಗೆ ಬಂದು ಆರು ಮೀಟರಿನ ಗೆರೆಯ ಮೇಲೆ ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ ಏದುಸಿರು ಬಿಟ್ಟು ಕೂತರು. ಅಂದಿನಿಂದ ಅವರೇ ನನ್ನ ದೊಡ್ಡ ಪ್ರಚಾರಕರು.

ಸಿದ್ಧಾಂತ ಬೇಡ ಎಂದುಕೊಂಡೇ ಕೂತಿದ್ದೇನೆ, ಆದರೆ ಪಕ್ಕದ ಬಲಕ್ಕೆ ನಾನು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇನೆ ಎಂಬುದನ್ನು ಹೇಳದೆ ಬಿಡಲಾಗದು. ನಡೆಯುವಾಗ ಹತ್ತರಲ್ಲಿ ಎಂಟು ಪಾಲು ಹೊತ್ತು ನಾವು ಒಂದೇ ಕಾಲಿನ ಮೇಲಿರುತ್ತೇವೆ. ಆಗ ಸೊಂಟದ ಕೀಲಿನ ಮೇಲೆ ಬೀಳುವ ಒತ್ತಡ ಮೈತೂಕದ ಎರಡೂವರೆಯಿಂದ ಮೂರು ಪಟ್ಟು, ಅದರ ಬಹುಭಾಗ ಆ ಪಕ್ಕದ ಸ್ನಾಯು ಎಳೆಯುವುದರಿಂದಲೇ ಬರುವಂಥದ್ದು. ಮುಂದೆ ಹಿಂದೆ ಮೈ ತೂಗಿದರೆ ನಡಿಗೆಯ ಓಘವೇ ಬಹುಮಟ್ಟಿಗೆ ಸರಿಮಾಡಿಕೊಳ್ಳುತ್ತದೆ. ಪಕ್ಕಕ್ಕೆ ತೂಗಿದರೆ ಮಿದುಳು ಪ್ರತಿ ಹೆಜ್ಜೆಯನ್ನೂ ಎಲ್ಲಿ ಇಡಬೇಕೆಂದು ನೋಡಿ ಇಡಬೇಕು. ವಯಸ್ಸಾದಂತೆ ಮೊದಲು ಕೈಕೊಡುವುದು ಇದೇ. ಪಕ್ಕಕ್ಕೆ ಬಿದ್ದರೆ ಪೆಟ್ಟು ನೇರ ತೊಡೆಮೂಳೆಯ ಉಬ್ಬಿಗೆ. ಬೇರೆ ದಿಕ್ಕಿಗೆ ಬೀಳುವುದಕ್ಕೆ ಹೋಲಿಸಿದರೆ ಸೊಂಟದ ಮೂಳೆ ಮುರಿಯುವ ಅಪಾಯ ಸುಮಾರು ಆರು ಪಟ್ಟು ಹೆಚ್ಚು. ಇಷ್ಟು ಗೊತ್ತಿದ್ದೂ ನಾವು ಹಿರಿಯರಿಗೆ "ವಾಕಿಂಗ್ ಮಾಡಿ, ಸಾಕು" ಎನ್ನುತ್ತೇವೆ. ನನಗೆ ಇದು ಸರಿಕಾಣುವುದಿಲ್ಲ.

ಈಗ ಜಗಳದ ವಿಷಯ. ಗುಂಪಿನಲ್ಲಿ ಶುರುಮಾಡಿ ಎರಡು ಮೂರು ತಿಂಗಳಾದಾಗ ಒಬ್ಬ ಫಿಸಿಯೋ ಮಿತ್ರರು ಬಂದು ಎಲ್ಲರ ಟೈಮ್ಡ್ ಅಪ್ ಅಂಡ್ ಗೋ ಪರೀಕ್ಷೆ ಮಾಡಿದರು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದು. ಹನ್ನೆರಡು ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಎಂಬ ಲೆಕ್ಕ. ನಮ್ಮವರ ಸಮಯ ಅರ್ಧ ಸೆಕೆಂಡ್ ಕೂಡ ಬದಲಾಗಿರಲಿಲ್ಲ. "ನೋಡಿ ಮೇಡಂ, ಸುಮ್ಮನೆ ಕಾಲಹರಣ" ಎಂದು ಹೇಳಿ ಹೊರಟರು. ಗುಂಪಿನ ಇಬ್ಬರು ಮೂವರು ಅದನ್ನು ಕೇಳಿ ಮುಂದಿನ ತಿಂಗಳ ಫೀಸ್ ಕಟ್ಟಲಿಲ್ಲ. ಬಾಡಿಗೆ ಕಟ್ಟುವ ಜಾಗದಲ್ಲಿ ಇಬ್ಬರು ಮೂವರು ಕಳಚಿಕೊಂಡರೆ ಆ ತಿಂಗಳ ಲಾಭ ಅಲ್ಲಿಗೆ ಮುಗಿಯಿತು.

ಆ ಪರೀಕ್ಷೆಯಲ್ಲಿ ಪಕ್ಕದ ಹೆಜ್ಜೆ ಎಂಬುದೇ ಇಲ್ಲ. ಮುಂದಕ್ಕೆ ಅಳೆದರೆ ಪಕ್ಕದ ಗಳಿಕೆ ಹೇಗೆ ಕಾಣಬೇಕು? ನಾನು ಫೋರ್ ಸ್ಕ್ವೇರ್ ಸ್ಟೆಪ್ ಟೆಸ್ಟ್ ಹಿಡಿದೆ, 2002ರಿಂದ ಬಳಕೆಯಲ್ಲಿರುವಂಥದ್ದು. ನಾಲ್ಕು ಕೋಲುಗಳನ್ನು ಕೂಡಿಸುವ ಗುರುತಿನಂತೆ ನೆಲಕ್ಕಿಟ್ಟು, ನಾಲ್ಕೂ ಚೌಕಗಳಿಗೆ ಮುಂದೆ, ಪಕ್ಕ, ಹಿಂದೆ, ಪಕ್ಕ ಎಂದು ದಾಟಿ, ಅದೇ ದಾರಿಯಲ್ಲಿ ಉಲ್ಟಾ ಬರಬೇಕು. ಹದಿನೈದು ಸೆಕೆಂಡ್ ಮೀರಿದರೆ ಪದೇ ಪದೇ ಬೀಳುವವರ ಸಾಲಿಗೆ ಸೇರುವ ಅಪಾಯ. ಅದೃಷ್ಟಕ್ಕೆ ಆರಂಭದಲ್ಲಿ ಕುತೂಹಲಕ್ಕೆಂದು ಇದನ್ನೂ ಮಾಡಿಸಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಬಹುತೇಕರು ಹದಿನೇಳು, ಹದಿನೆಂಟರಲ್ಲಿದ್ದರು. ನಾಲ್ಕನೇ ತಿಂಗಳಲ್ಲಿ ಹದಿಮೂರರ ಆಸುಪಾಸಿಗೆ ಬಂದರು, ಕೆಲವರು ಹನ್ನೊಂದಕ್ಕೂ ಇಳಿದರು. ಒಂಟಿ ಕಾಲಲ್ಲಿ ನಿಲ್ಲುವ ಸಮಯ ಸರಾಸರಿ ಎರಡೂವರೆ ಪಟ್ಟು ಏರಿತ್ತು. ಅದೇ ಫಿಸಿಯೋ ಮಿತ್ರರನ್ನು ಕರೆಸಿ ಅವರ ಕೈಗೇ ಸ್ಟಾಪ್‌ವಾಚ್ ಕೊಟ್ಟೆ. ಅವರು ಮೂರು ಸಲ ಅಳೆದರು. ಆಮೇಲೆ ಕೇಳಿದ ಪ್ರಶ್ನೆ "ವಾರಕ್ಕೆ ಎಷ್ಟು ದಿನ ಮಾಡಿಸ್ತೀರಿ?" ಈಗ ಅವರ ಕ್ಲಿನಿಕ್ಕಿನ ನೆಲದ ಮೇಲೂ ಆರು ಮೀಟರಿನ ಗೆರೆ ಇದೆ. ಟೈಮ್ಡ್ ಅಪ್ ಅಂಡ್ ಗೋ ಕೂಡ ಆರನೇ ತಿಂಗಳ ಹೊತ್ತಿಗೆ ಒಂದು, ಒಂದೂವರೆ ಸೆಕೆಂಡ್ ಇಳಿಯಿತು. ತಿರುಗುವ ಜಾಗದಲ್ಲಿ ಹಿಂಜರಿಕೆ ಹೋಗಿದ್ದೇ ಅದಕ್ಕೆ ಕಾರಣ ಎಂದು ನನ್ನ ಅಂದಾಜು.

ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಮೊದಲ ಎರಡು ವಾರ ಗೋಡೆಗೆ ಅಥವಾ ಕಟ್ಟೆಗೆ ಎದುರಾಗಿ, ಎರಡು ಕೈ ತಾಗಿಸಿ. ಮೂರನೇ ವಾರ ಬೆರಳ ತುದಿ. ನಾಲ್ಕರಿಂದ ಕೈ ಬಿಟ್ಟು, ಆದರೆ ಗೋಡೆ ಒಂದು ಮೊಳದೊಳಗೆ. ಮೊದಲ ತಿಂಗಳಲ್ಲಿ ಬರುವ ಸುಧಾರಣೆ ಬಹುಪಾಲು ನರಗಳದ್ದು, ಸ್ನಾಯು ನಿಜವಾಗಿ ಗಟ್ಟಿಯಾಗಲು ಎರಡು ತಿಂಗಳು ಬೇಕು. ಹಾಗಾಗಿ ಮೊದಲ ತಿಂಗಳ ಸುಧಾರಣೆ ನೋಡಿ ಬ್ಯಾಂಡ್ ಗಟ್ಟಿ ಮಾಡಬೇಡಿ. ಮೊದಲ ವಾರದ ಮೈಕೈ ನೋವು ಎರಡನೇ ದಿನ ಜೋರಾಗುತ್ತದೆ, ಮೊದಲೇ ಹೇಳಿಟ್ಟರೆ ಯಾರೂ ಓಡಿಹೋಗುವುದಿಲ್ಲ.

ಬ್ಯಾಂಡಿನ ಖರ್ಚು. ಅಗ್ಗದ ರಬ್ಬರ್ ಲೂಪ್‌ಗಳು ತೊಡೆಯ ಮೇಲೆ ಸುರುಳಿಯಾಗಿ ಹಗ್ಗವಾಗುತ್ತವೆ, ಕೂದಲು ಕೀಳುತ್ತವೆ, ಎರಡು ಮೂರು ತಿಂಗಳಲ್ಲಿ ಬಿರುಕು ಬಿಡುತ್ತವೆ. ಒಮ್ಮೆ ಒಬ್ಬರದು ಹರಿದು ಕಣಕಾಲಿಗೆ ಬರೆ ಎಳೆದಿತ್ತು. ಬಟ್ಟೆಯ ಬ್ಯಾಂಡಿಗೆ ಮೂರ್ನಾಲ್ಕು ಪಟ್ಟು ಕೊಡಬೇಕು, ಆದರೆ ನನ್ನಲ್ಲಿರುವ ಮೊದಲ ಜೊತೆ ಇನ್ನೂ ಗಟ್ಟಿಯಾಗಿದೆ. ಲೇಟೆಕ್ಸ್ ಅಲರ್ಜಿ ಇರುವವರಿಗೂ ಅದೇ ಸೂಕ್ತ, ಒಳಗಿನ ಎಳೆ ಯಾವುದೆಂದು ನೋಡಿಕೊಂಡು ಕೊಳ್ಳಿ. ಲೆಕ್ಕ ಹಾಕಿದರೆ ವರ್ಷದ ಕೊನೆಗೆ ಬಟ್ಟೆಯದೇ ಅಗ್ಗ. ಬಿಗಿ ಎಷ್ಟೆಂದು ತಿಳಿಸುವ ಬಣ್ಣವನ್ನು ಮಾತ್ರ ನಂಬಬೇಡಿ, ಒಂದು ಕಂಪನಿಯ ಹಸಿರು ಇನ್ನೊಂದರ ನೀಲಿಗಿಂತ ಬಿಗಿ ಇರುತ್ತದೆ. ನಾನು ಅಡಿಗೋಲಿನ ಪಕ್ಕದಲ್ಲಿ ಎಳೆದು ನೋಡಿ ನನ್ನದೇ ಗುರುತು ಹಾಕುತ್ತೇನೆ.

ಶೂ ವಿಷಯದಲ್ಲಿ ಯಾರೂ ಯೋಚಿಸಿರುವುದಿಲ್ಲ. ಓಟದ ಶೂಗಳು ಮುಂದಕ್ಕೆ ಹೋಗಲು ಮಾಡಿದವು. ದಪ್ಪ ಮೆತ್ತನೆ ಅಡಿಯ ಮೇಲೆ ಪಕ್ಕಕ್ಕೆ ಹೆಜ್ಜೆ ಇಟ್ಟರೆ ಪಾದ ಅಂಚಿನಿಂದ ಹೊರಕ್ಕೆ ಮಗುಚುತ್ತದೆ. ಬ್ಯಾಡ್ಮಿಂಟನ್ ಶೂ ತರಹದ ಚಪ್ಪಟೆ ಅಡಿ ಒಳ್ಳೆಯದು. ನೆಲ ಜಾರದಿದ್ದರೆ ಬರಿಗಾಲು ಇನ್ನೂ ಒಳ್ಳೆಯದು, ಪಾದ ಮಗುಚದಂತೆ ಹಿಡಿಯುವ ಕಣಕಾಲಿನ ಹೊರಬದಿಯ ಸ್ನಾಯುಗಳಿಗೂ ಕೆಲಸ ಸಿಗುತ್ತದೆ. ಬರೀ ಸಾಕ್ಸ್ ಹಾಕಿಕೊಂಡು ಮಾಡಲು ನಾನು ಬಿಡುವುದಿಲ್ಲ.

ಕಾಲು ಅಡ್ಡಹಾಕಿ ನಡೆಯುವ ಬಗೆ, ಅಂದರೆ ಒಂದು ಕಾಲನ್ನು ಇನ್ನೊಂದರ ಮುಂದೆ, ಹಿಂದೆ ದಾಟಿಸುತ್ತ ಹೋಗುವುದು, ನೋಡಲು ಚೆಂದ, ಎಲ್ಲರಿಗೂ ಇಷ್ಟ. ಸೊಂಟದ ಪಕ್ಕ ನೋವಿರುವವರಿಗೆ ಇದನ್ನು ಕೊಟ್ಟು ನೋಡಿದಾಗ ವಾರದಲ್ಲೇ ನೋವು ಮರುಕಳಿಸಿತು. ಕಾಲು ಮಧ್ಯದ ಗೆರೆ ದಾಟಿದಾಗ ಸ್ನಾಯುರಜ್ಜು ಮೂಳೆಯ ಉಬ್ಬಿಗೆ ಒತ್ತಿಕೊಳ್ಳುತ್ತದೆ, ಈ ನೋವಿಗೆ ಅದೇ ಶತ್ರು. ಅಂಥವರಿಗೆ ಕಾಲ ಮೇಲೆ ಕಾಲು ಹಾಕಿ ಕೂರುವುದು, ಒಂದೇ ಕಾಲಿಗೆ ಭಾರ ಹಾಕಿ ಸೊಂಟ ಹೊರಚಾಚಿ ನಿಲ್ಲುವುದು ಕೂಡ ಬೇಡ. ಅಡ್ಡ ನಡಿಗೆಯ ಅರ್ಧ ಗಂಟೆಯ ಲಾಭವನ್ನು ಉಳಿದ ಇಡೀ ದಿನ ಹೀಗೆ ನಿಂತು ಕಳೆದುಕೊಳ್ಳುವವರು ಬಹಳ. ನೋವಿಲ್ಲದವರಿಗೆ, ಐವತ್ತರ ಒಳಗಿನವರಿಗೆ, ಅಡ್ಡಹಾಕುವ ಹೆಜ್ಜೆ ಪರವಾಗಿಲ್ಲ.

ಪಕ್ಕದಾರಿಯ ಪ್ರಯೋಗಗಳೂ ನಡೆದವು. ಈಜುಕೊಳದಲ್ಲಿ ಸೊಂಟಮಟ್ಟ ನೀರಿನಲ್ಲಿ ನಡೆಸಿದೆ. ಅಲ್ಲಿ ಕಾಲಿನ ಮೇಲೆ ಬೀಳುವುದು ಮೈತೂಕದ ಅರ್ಧದಷ್ಟೇ, ಮಂಡಿ ಸವೆದವರಿಗೆ ಹಬ್ಬ. ನೀರು ಪಕ್ಕದಿಂದ ತಡೆಯುವುದರಿಂದ ಬ್ಯಾಂಡಿನ ಕೆಲಸವನ್ನು ಅದೇ ಮಾಡುತ್ತದೆ. ಆದರೆ ನೀರು ಬೀಳಲೂ ಬಿಡುವುದಿಲ್ಲ, ಹಾಗಾಗಿ ಸಮತೋಲನದ ಗಳಿಕೆ ನೆಲದ ಮೇಲಿನ ಅರ್ಧವೂ ಇಲ್ಲ. ಕೊಳದ ಬಾಡಿಗೆ ಕೊಟ್ಟು ಮುಂದುವರಿಸುವಷ್ಟು ಫಲ ಕಾಣಲಿಲ್ಲ, ಬಿಟ್ಟೆ. ಟ್ರೆಡ್‌ಮಿಲ್ ಮೇಲೆ ಪಕ್ಕಕ್ಕೆ ತಿರುಗಿ, ಕಂಬಿ ಹಿಡಿದು, ಗಂಟೆಗೆ ಒಂದು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ನಾನೇ ಕೆಲವು ವಾರ ಮಾಡಿದೆ. ಉಸಿರಿಗೆ ಒಳ್ಳೆಯದು. ಆದರೆ ಕಂಬಿ ಹಿಡಿದಿರುವುದರಿಂದ ನಿಂತ ಕಾಲಿಗೆ ಬೀಳುವ ಕೆಲಸ ಕಡಿಮೆಯಾಗುತ್ತದೆ. ಹಿರಿಯರನ್ನು ಅದರ ಮೇಲೆ ಹತ್ತಿಸುವುದೇ ಇಲ್ಲ.

ಫಲ ಕೊಟ್ಟದ್ದು ಇನ್ನೆರಡು. ಒಂದು, ಒಂದೇ ಕೈಯಲ್ಲಿ ತೂಕ ಹಿಡಿದು ಅಡ್ಡ ನಡೆಯುವುದು. ಬಲ ಸೊಂಟಕ್ಕೆ ಕೆಲಸ ಬೇಕಾದರೆ ತೂಕ ಎಡಗೈಯಲ್ಲಿ. ನೋವಿದ್ದಾಗ ಊರುಗೋಲನ್ನು ಎದುರು ಕೈಯಲ್ಲಿ ಹಿಡಿದು ಹೊರೆ ಇಳಿಸುತ್ತೇವಲ್ಲ, ಅದರ ತಿರುವು ಲೆಕ್ಕ ಇದು. ಎರಡು ಮೂರು ಕಿಲೋ ಸಾಕು. ಬ್ಯಾಂಡ್ ಒಪ್ಪದವರಿಗೆ ಇದೇ ನನ್ನ ಬದಲಿ. ಇನ್ನೊಂದು, ನಡೆಯುತ್ತ ನೂರರಿಂದ ಮೂರು ಮೂರು ಕಳೆಯುತ್ತ ಎಣಿಸುವುದು. ಶುರುವಿನಲ್ಲಿ ಎಣಿಕೆ ತಪ್ಪುತ್ತದೆ, ಇಲ್ಲವೇ ಕಾಲು ನಿಂತೇಬಿಡುತ್ತದೆ. ಎರಡೂ ಒಟ್ಟಿಗೆ ಸಾಗುವಷ್ಟಾದರೆ, ಯಾರೋ ಕೂಗಿ ಕರೆದಾಗ ತಿರುಗಿ ನೋಡಿದರೂ ಮುಗ್ಗರಿಸುವುದಿಲ್ಲ. ಇವೆರಡನ್ನೂ ಬೆಸೆದು ಕೊನೆಯ ಐದು ನಿಮಿಷಕ್ಕೆ ಒಂದು ಆಟ ಕಟ್ಟಿದ್ದೇನೆ. ಅದರ ನಿಯಮ ಬೇಕಾದವರು ತರಗತಿಗೆ ಬಂದು ಆಡಿಯೇ ಕಲಿಯಬೇಕು.

ಎಲ್ಲರಿಗೂ ಒಗ್ಗಿತು ಎನ್ನಲಾರೆ. ಪಾದದ ಸ್ಪರ್ಶ ಮಂಕಾಗಿರುವ ಮಧುಮೇಹಿಗಳಲ್ಲಿ ಬಲ ಬಂತು, ಒಂಟಿಕಾಲ ಸಮಯ ಹೆಚ್ಚೇನೂ ಏರಲಿಲ್ಲ. ಅವರು ಕೈ ತಾಗಿಸಿಕೊಂಡೇ ಮುಂದುವರಿಸಿದ್ದಾರೆ. ತಲೆಸುತ್ತು ಇರುವವರನ್ನು ಮೊದಲು ವೈದ್ಯರ ಬಳಿ ಕಳಿಸುತ್ತೇನೆ. ಸೊಂಟದ ಕೀಲು ಬದಲಿಸಿಕೊಂಡವರು ಶಸ್ತ್ರಚಿಕಿತ್ಸಕರನ್ನು ಕೇಳಿಯೇ ಬರಬೇಕು, ಕೆಲವು ಬಗೆಯ ಶಸ್ತ್ರಚಿಕಿತ್ಸೆಯಲ್ಲಿ ಇದೇ ಪಕ್ಕದ ಸ್ನಾಯುವನ್ನು ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ಮೂಳೆ ತೀರಾ ಸವೆದವರಿಗೆ ಬ್ಯಾಂಡ್ ಪಾದಕ್ಕೆ ಯಾವತ್ತೂ ಬೇಡ.

ನನ್ನ ಬಲ ಸೊಂಟದ ನೋವು ಐದಾರು ತಿಂಗಳಲ್ಲಿ ಮುಕ್ಕಾಲು ಪಾಲು ಹೋಯಿತು, ಉಳಿದ ಕಾಲು ಪಾಲಿಗೆ ಇನ್ನೊಂದು ಅರ್ಧ ವರ್ಷ ಹಿಡಿಯಿತು. ಈಗ ಆ ಮಗ್ಗುಲಿಗೇ ಮಲಗುತ್ತೇನೆ. ಬೇರೆ ಕೆಲಸದ ಒತ್ತಡದಲ್ಲಿ ಒಮ್ಮೆ ತಿಂಗಳಿಗೂ ಹೆಚ್ಚು ಬಿಟ್ಟಾಗ ನನ್ನ ಒಂಟಿಕಾಲ ಸಮಯ ಸುಮಾರು ಕಾಲು ಭಾಗ ಕುಸಿದಿತ್ತು. ಗುಂಪಿನಲ್ಲಿ ರಜೆ ಹಾಕಿ ಬಂದವರದೂ ಇದೇ ಕಥೆ. ಹಾಗಾಗಿ ಆರು ತಿಂಗಳು ಮುಗಿಸಿದವರಿಗೆ ವಾರಕ್ಕೆ ಎರಡು ದಿನ, ಪ್ರತಿ ಸಲ ನಾಲ್ಕು ಸುತ್ತು ಎಂದು ಗೊತ್ತುಮಾಡಿದ್ದೇನೆ. ಅದಕ್ಕೆ ಹತ್ತು ನಿಮಿಷವೂ ಬೇಡ. ಆ ಎರಡು ದಿನ ತಪ್ಪಿಸದವರ ಅಂಕಿಗಳು ವರ್ಷದ ಮೇಲೂ ಇಳಿದಿಲ್ಲ.